ಹಾಯಿ ಹೊಲಿದವರ ಮಗಳು

ಮರ್ಮಗೋವಾ ಬಂದರು
೧೨ ಫೆಬ್ರವರಿ ೨೦೦೯, ಗುರುವಾರ

ಪ್ರೀತಿಯ ಮಗಳು ವಿನಯಾಳಿಗೆ ಅಬ್ಬಿಯ ಆಶೀರ್ವಾದಗಳು.

ನೀನು, ಅಳಿಯ ಸುಧೀರ್, ಪುಟ್ಟ ಸ್ವಾತಿ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಾನೂ ಚೆನ್ನಾಗಿದ್ದೇನೆ. ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿದೆ, ಬೆನ್ನು ಬಗ್ಗಿಸಿದರೆ ಲಟಕ್ಕೆನ್ನುತ್ತದೆ, ಮುಖ ಸುಟ್ಟ ಬದನೆಕಾಯಿಯ ಹಾಗಾಗಿದೆ. ಇದನ್ನೆಲ್ಲ ಸೇರಿಸಿಯೇ ಚೆನ್ನಾಗಿದ್ದೇನೆ ಎಂದೆ.

ಬರೆಯಲು ತಡವಾಯಿತು. ಜನವರಿ ಇಪ್ಪತ್ತಕ್ಕೆ ನೀನು ನನ್ನ ಮಾತು ಮುಗಿಯುವ ಮೊದಲೇ ಫೋನ್ ಇಟ್ಟೆಯಲ್ಲ, ಅಂದಿನಿಂದ ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹರಿದೆ. ಮೀನು ಮಾರುವ ಹೆಂಗಸರ ಸಂಘದ ಅಧ್ಯಕ್ಷೆಯಾಗಿ ಅರ್ಜಿ ಬರೆದು ಬರೆದು ಪಳಗಿದ ಕೈ ಇದು. ಮಗಳಿಗೆ ಬರೆಯುವಾಗ ಮಾತ್ರ ತಡವರಿಸುತ್ತದೆ. ಅಂದು ನೀನು ಹೇಳಿದ ಮಾತು ಕಿವಿಯಲ್ಲೇ ಇದೆ. “ಅಬ್ಬೀ, ನಾ ಸಣ್ಣದಿಪ್ಪತಿಗೆ ಮೊಣಕಾಲ್ ನೀರಿಗ್ ಇಳ್ದ್ರೂ ಕಿವಿ ಹಿಡ್ದ್ ಎಳ್ಕಂಡ್ ಬತ್ತಿದ್ದೆ. ಈಗ ನೀನೇ ಸಮುದ್ರಕ್ ಹೋತ್ಯಾ? ನಾಚ್ಕಿ ಆತಿಲ್ಯಾ ನಿಂಗೆ?”

ಇಲ್ಲ ಮಗಾ, ಆಗುವುದಿಲ್ಲ. ಕೇಳು.

ಕಳೆದ ನವೆಂಬರಿನಲ್ಲಿ ಸಂಘದ ಸಭೆಗೆಂದು ಕೊಚ್ಚಿಗೆ ಹೋಗಿದ್ದೆವಲ್ಲ, ನಾನು ಮತ್ತು ಪದ್ದು. ಸಭೆ ಮುಗಿದ ಮೇಲೆ ಬಂದರು ನೋಡಲು ಹೋದೆವು. ಅಲ್ಲಿ ಮೂರು ಕಂಬದ ಒಂದು ಹಾಯಿ ಹಡಗು ನಿಂತಿತ್ತು. ಹೆಸರು ವೆಸ್ಟ್ರಾ. ನಾನು ವಸ್ತ್ರ ಎಂದೇ ಕರೆಯುವುದು, ಈಗ ಹಡಗಿನವರಿಗೂ ಅದು ರೂಢಿಯಾಗಿದೆ. ಜನರಿಗೆ ಹತ್ತಿ ನೋಡಲು ಬಿಟ್ಟಿದ್ದರು. ಮೇಲಿನ ಹಲಗೆ ಹಾಸಿನಲ್ಲಿ ಬಿಳಿ ಕೂದಲಿನ ಹೆಂಗಸೊಬ್ಬಳು ಕಾಲು ಚಾಚಿ ಕೂತು ಹಾಯಿ ಹೊಲಿಯುತ್ತಿದ್ದಳು. ಅಂಗೈಗೆ ಚರ್ಮದ ಪಟ್ಟಿ, ಅದರಿಂದ ಸೂಜಿಯನ್ನು ಒತ್ತುವುದು. ನಿನ್ನ ಅಜ್ಜಯ್ಯನ ಹತ್ತಿರವೂ ಎಮ್ಮೆ ಚರ್ಮದ ಅಂಥದೊಂದಿತ್ತು. ನನ್ನ ಕಾಲು ಅಲ್ಲೇ ನಿಂತಿತು. ಅವಳ ಹೊಲಿಗೆ ಅಂಚಿನಲ್ಲಿ ಸಡಿಲವಾಗುತ್ತಿತ್ತು. ಸುಮ್ಮನೆ ನೋಡಿಕೊಂಡು ಬರಬಹುದಿತ್ತು. ಬರಲಿಲ್ಲ. ಪಕ್ಕದಲ್ಲಿ ಕೂತು, ಕೈ ಚಾಚಿ ಸೂಜಿ ಕೇಳಿದೆ. ಒಂದು ಮೊಳ ಹೊಲಿದು ಕೊಟ್ಟೆ. ಅವಳು ಹೊಲಿಗೆಯನ್ನು ಉಗುರಿನಿಂದ ಎಳೆದು ನೋಡಿದಳು, ನನ್ನ ಮುಖ ನೋಡಿದಳು, ಎದ್ದು ಹೋಗಿ ಕಪ್ತಾನನನ್ನೇ ಕರೆತಂದಳು.

ಅವಳ ಹೆಸರು ಇಂಗ್ರಿಡ್. ಅರವತ್ತೊಂದು ವರ್ಷ. ನಮ್ಮಿಬ್ಬರ ನಡುವೆ ಮಾತು ದಾಟಿಸಿದವನು ಹಡಗಿನ ತಾಂಡೇಲ, ಅಂದರೆ ನಾವಿಕರ ಮೇಸ್ತ್ರಿ, ಫೆರ್ನಾಂಡಿಸ್. ಕಾರವಾರದ ಕೊಂಕಣಿಯವನು, ನನ್ನ ಸಂಗಡ ಹಿಂದಿ. ಆ ಹಡಗಿನಲ್ಲಿ ದುಡ್ಡು ಕೊಟ್ಟು ಬರುವ ಅತಿಥಿಗಳೂ ನಾವಿಕರಾಗಿ ದುಡಿಯಬೇಕಂತೆ. ಕೂರಿಸಿ ಉಣಿಸುವ ಪದ್ಧತಿ ಇಲ್ಲ. ಹಗ್ಗ ಎಳೆಯಬೇಕು, ಚುಕ್ಕಾಣಿ ಹಿಡಿಯಬೇಕು, ಪಾಳಿಯಲ್ಲಿ ಕಾವಲು ನಿಲ್ಲಬೇಕು, ಹಲಗೆ ತಿಕ್ಕಬೇಕು. ಫೆಬ್ರವರಿಯಲ್ಲಿ ಕೊಚ್ಚಿಯಿಂದ ಮುಂಬಯಿಗೆ ಹೋಗುತ್ತೇವೆ, ಹಾಯಿ ಹೊಲಿಯಲು ಕೈ ಕೊಟ್ಟರೆ ಅರ್ಧ ಹಣ ಸಾಕು, ಬರುತ್ತೀಯಾ ಎಂದು ಇಂಗ್ರಿಡ್ ಕೇಳಿದಳು. ಹೂಂ ಎಂದೆ. ನಿನ್ನ ಅಪ್ಪಯ್ಯನನ್ನು ಕೇಳಲಿಲ್ಲ, ನಿನ್ನನ್ನು ಕೇಳಲಿಲ್ಲ, ಪಕ್ಕದಲ್ಲೇ ಇದ್ದ ಪದ್ದುವಿನ ಮುಖವನ್ನೂ ನೋಡಲಿಲ್ಲ.

ಅಪ್ಪಯ್ಯನ ವಿಷಯ ಬಂದರೆ ನೀನು ಆ ಸಾಲುಗಳನ್ನು ಹಾರಿಸಿ ಓದುತ್ತೀ, ಗೊತ್ತು. ಈ ಸಲ ಹಾರಿಸಬೇಡ. ಸಂಗತಿ ಹೇಳಿದಾಗ ಅವರು ಜಗಲಿಯಲ್ಲಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು.

“ಐವತ್ಮೂರ್ ವರ್ಷ ಆಯ್ತ್ ನಿಂಗೆ. ದುಡ್ಡ್ ಕೊಟ್ಟ್ ಕೂಲಿ ಮಾಡೂಕ್ ಹೋಪರ್ ಲೋಕದಂಗ್ ಯಾರಾರೂ ಇದ್ರಾ?” ಎಂದರು.

“ನಿಮ್ ಬೋಟಿಗ್ ಹತ್ತತೆ ಅಂದ್ರೆ ಬಿಡ್ತ್ರ್ಯಾ?”

“ಹೆಂಗ್ಸ್ರ್ ಹತ್ತಿದ್ ಬೋಟಿಗ್ ಮೀನ್ ಬತ್ತಿಲ್ಲೆ. ನಿಂಗೆ ಗೊತ್ತಿಪ್ಪುದೇ ಅಲ್ದಾ?”

“ಹಾಂಗಾರೆ ಬಿಡ್ವರ್ ಇದ್ದಲ್ಲಿಗ್ ನಾ ಹೋತೆ.”

“ಹ್ವಾರೆ ಈ ಮನಿ ಬಾಗ್ಲಿಗ್ ತಿರ್ಗಿ ಬರ್ಬೇಡ.”

“ಬಾಗ್ಲ್ ನಂದೂ ಹೌದ್,” ಎಂದೆ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವರಿಗೆ ಹಾಗೆ ಎದುರು ಹೇಳಿದ್ದು ಅದೇ ಮೊದಲು. ಆಮೇಲೆ ಎರಡು ತಿಂಗಳು ಮನೆಯಲ್ಲಿ ಮಾತಿಲ್ಲ. ಊಟಕ್ಕೆ ಬಡಿಸಿದರೆ ಉಣ್ಣುತ್ತಿದ್ದರು, ಅಷ್ಟೇ. ಗಂಗೊಳ್ಳಿ ಪೇಟೆಯಲ್ಲಿ ಜನ ನಕ್ಕರು. ಸಂಘದಲ್ಲೂ ಇಬ್ಬರು ನಕ್ಕರು. ಪದ್ದು ಮಾತ್ರ ಮೀನಿನ ಬುಟ್ಟಿ ಕೆಳಗಿಟ್ಟು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, “ಹೋಯ್ ಬಾ ಮಾರಾಯ್ತಿ. ಮೀನ್ ಮಾರೂಕ್ ಹೆಂಗ್ಸ್ರ್ ಆತ್ರ್, ಮೀನ್ ಇದ್ದಲ್ಲಿಗ್ ಹೋಪುಕ್ ಆಗ್ದಾ?”

ನಾನು ಯಾಕೆ ಇಷ್ಟು ಹಟ ಹಿಡಿದೆ ಎಂದು ನಿನಗೆ ಅನಿಸಿರಬೇಕು. ನನ್ನ ಅಪ್ಪ, ಅಂದರೆ ನಿನ್ನ ಅಜ್ಜಯ್ಯನನ್ನು ನೀನು ನೋಡಿದ್ದು ಕಣ್ಣು ಕಾಣದೆ ಮೂಲೆ ಹಿಡಿದ ಮೇಲೆ. ಒಂದು ಕಾಲದಲ್ಲಿ ಗಂಗೊಳ್ಳಿಯಿಂದ ಹಂಚು ತುಂಬಿಕೊಂಡು ಮುಂಬಯಿಗೆ ಹೋಗುತ್ತಿದ್ದ ಮಚುವೆಗಳಿಗೆಲ್ಲ ಹಾಯಿ ಹೊಲಿದುಕೊಟ್ಟವರು ಅವರು. ಹೊಳೆಯ ದಡದಲ್ಲಿ ಬಟ್ಟೆ ಹಾಸಿ ಕೂರುತ್ತಿದ್ದರು, ನಾನು ಎದುರು ಕೂರುತ್ತಿದ್ದೆ. “ಹೊಲ್ಗಿ ಬಟ್ಟಿಗ್ ಹಾಕುದಲ್ಲ, ಗಾಳಿಗ್ ಹಾಕುದ್” ಎನ್ನುತ್ತಿದ್ದರು. ಹನ್ನೆರಡು ವರ್ಷಕ್ಕೆ ಒಂದು ದೊಡ್ಡ ಹಾಯಿಯ ಅರ್ಧ ನಾನೇ ಹೊಲಿದಿದ್ದೆ. ಅದನ್ನು ಏರಿಸಿ ಮಚುವೆಯನ್ನು ಹೊಳೆ ಕಡಲು ಸೇರುವ ಅಳಿವೆಯವರೆಗೆ ಓಡಿಸಿ ನೋಡುವ ದಿನ, ಒಂದು ಮೊಳವೂ ಹೊಲಿಯದ ನನ್ನ ಅಣ್ಣಂದಿರಿಬ್ಬರು ಹತ್ತಿ ಕೂತರು. ನಾನೂ ಒಂದು ಕಾಲಿಟ್ಟೆ. ಯಾರೋ ಹಿಂದಿನಿಂದ ಲಂಗ ಹಿಡಿದು ಎಳೆದು ಮರಳಿನ ಮೇಲೆ ಕೂರಿಸಿದರು. ಅಜ್ಜಯ್ಯ ನೋಡಿದರು, ನೋಡಿ ಹಾಯಿಯ ಹಗ್ಗ ಬಿಚ್ಚಿದರು. ಹೊಸ ಹಾಯಿಯನ್ನು ನಾನು ನೋಡಿದ್ದು ದಡದಿಂದ, ಅದು ದೂರವಾಗುತ್ತ ಹೋಗುವಾಗ.

ಅದಕ್ಕೇ ಫೆಬ್ರವರಿ ಎರಡಕ್ಕೆ ವಸ್ತ್ರ ಹಡಗನ್ನು ಹತ್ತಿದೆ. ಹತ್ತುವಾಗ ಹಿಂದೆ ಒಮ್ಮೆ ತಿರುಗಿ ನೋಡಿದೆ. ಸೆರಗು ಎಳೆಯಲು ಯಾರೂ ಇರಲಿಲ್ಲ.

ಮೊದಲ ಎರಡು ದಿನ ಕರುಳು ಬಾಯಿಗೆ ಬರುವಷ್ಟು ವಾಂತಿ ಮಾಡಿದೆ. ಮೀನುಗಾರರ ಮನೆಯ ಹೆಂಗಸು ಕಡಲಿನಲ್ಲಿ ವಾಂತಿ ಮಾಡಿದಳೆಂದು ಪದ್ದುವಿಗೆ ಹೇಳಬೇಡ. ಮೂರನೆಯ ದಿನ ಎದ್ದು ನಿಂತೆ. ಸೀರೆಯಲ್ಲಿ ಆಗುವುದಿಲ್ಲವೆಂದು ಇಂಗ್ರಿಡ್ ತನ್ನ ಪ್ಯಾಂಟು ಕೊಟ್ಟಳು, ಕಾಲು ಮಡಚಿ ಹಾಕಿಕೊಂಡೆ. ಅತಿಥಿಗಳು ಹನ್ನೊಂದು ಮಂದಿ ಇದ್ದೇವೆ. ಬಿಳಿಯರೇ ಹೆಚ್ಚು, ಪುಣೆಯ ಗಂಡ ಹೆಂಡತಿ ಒಂದು ಜೋಡಿ. ನಾಲ್ಕು ಗಂಟೆ ಪಾಳಿ, ಎಂಟು ಗಂಟೆ ಬಿಡುವು. ಚುಕ್ಕಾಣಿ ಹಿಡಿದಾಗ ಕೈಯಲ್ಲಿ ಇಡೀ ಹಡಗಿನ ಭಾರ ಬರುತ್ತದೆ ಮಗಾ. ಅಷ್ಟು ದೊಡ್ಡದು ನನ್ನ ಮಾತು ಕೇಳಿ ತಿರುಗಿತು.

ಇನ್ನು ಸೋಮವಾರದ ಕಥೆ. ಉತ್ತರದಿಂದ ಎದುರುಗಾಳಿ. ಹಡಗು ಅಡ್ಡಡ್ಡ ತಿರುಗುತ್ತ ನಿಧಾನವಾಗಿ ಮುಂದೆ ಹೋಗುತ್ತಿತ್ತು. ಮಧ್ಯಾಹ್ನ ಗಾಳಿ ಜೋರಾಯಿತು. ನಡುವಿನ ಕಂಬದ ಮೇಲಿನ ಹಾಯಿಯಲ್ಲಿ ಅಂಚಿನ ಹೊಲಿಗೆ ಬಿಟ್ಟು ಪಟಪಟ ಹೊಡೆಯಲು ಶುರುವಾಯಿತು. ಹಾಯಿಯನ್ನು ಮಡಚಲು ಹೋದರೆ ಹರಿದ ತುದಿ ಹಗ್ಗಕ್ಕೆ ಸಿಕ್ಕಿಕೊಂಡಿತು. ಇನ್ನು ಯಾರಾದರೂ ಮೇಲೆ ಹೋಗಿ ಅದನ್ನು ಬಿಡಿಸಿ ನಾಲ್ಕು ಹೊಲಿಗೆ ಹಾಕದಿದ್ದರೆ ಇಡೀ ಹಾಯಿ ಸೀಳಿಹೋಗುತ್ತಿತ್ತು. ಇಂಗ್ರಿಡ್‌ಳ ಹೆಬ್ಬೆರಳು ಹಿಂದಿನ ದಿನ ರಾಟೆಗೆ ಸಿಕ್ಕಿ ಜಜ್ಜಿಹೋಗಿತ್ತು. ಅವಳು ನನ್ನನ್ನು ನೋಡಿದಳು.

“ಮೌಶಿ ಬೇಡ. ಮೌಶಿ ಕೆಳಗಿರಲಿ,” ಎಂದ ಫೆರ್ನಾಂಡಿಸ್. ಅವನ ಮಾತಿನಲ್ಲಿ ಮೌಶಿ ಎಂದರೆ ಚಿಕ್ಕಮ್ಮ. ಒಳ್ಳೆಯ ಮನುಷ್ಯ, ಆದರೆ ಗಂಡಸು.

“ಹಾಯಿ ಹೊಲಿಯಲು ನಿನಗೆ ಬರುತ್ತದಾ?” ಎಂದು ಹಿಂದಿಯಲ್ಲಿ ಕೇಳಿದೆ.

“ಇಲ್ಲ.”

“ಹಾಗಾದರೆ ಬೆಲ್ಟು ಕಟ್ಟು.”

ಬೆಲ್ಟು ಕಟ್ಟಿದ. ನನ್ನ ಹಿಂದೆಯೇ ಅವನೂ ಹತ್ತಿದ. ಬರಿಗಾಲು, ಹಲ್ಲಿನ ನಡುವೆ ಮೇಣದ ದಾರ, ಸೊಂಟದಲ್ಲಿ ಸೂಜಿ ಡಬ್ಬಿ. ಹಗ್ಗದ ಏಣಿ ಮೇಲೆ ಹೋದಷ್ಟೂ ಕಿರಿದಾಗುತ್ತದೆ, ಕಂಬ ತೂಗುವುದು ಹೆಚ್ಚಾಗುತ್ತದೆ. ಅರ್ಧ ದಾರಿಯಲ್ಲಿ ಕೆಳಗೆ ನೋಡಿಬಿಟ್ಟೆ. ಹಗ್ಗವನ್ನು ಅಪ್ಪಿಕೊಂಡು ನಿಂತೆ. ಕೆಳಗಿನಿಂದ ಫೆರ್ನಾಂಡಿಸ್, ಇಳಿಯೋಣವಾ ಮೌಶಿ ಎಂದ. ಆ ಮಾತು ಕೇಳಿದ್ದೇ ಮುಂದಿನ ಮೆಟ್ಟಿಲಿಗೆ ಕಾಲಿಟ್ಟೆ. ಮೇಲೆ ಹಾಯಿ ಕಟ್ಟುವ ಅಡ್ಡಮರಕ್ಕೆ ಇಬ್ಬರೂ ಹೊಟ್ಟೆ ಒತ್ತಿ ಬಾಗಿದೆವು, ಅವನು ಸಿಕ್ಕಿದ ತುದಿಯನ್ನು ಬಿಡಿಸಿ ಹಿಡಿದುಕೊಂಡ, ನಾನು ಹೊಲಿದೆ. ಹನ್ನೊಂದು ಹೊಲಿಗೆ. ಕೈ ರಕ್ತವಾಯಿತು. ಹನ್ನೊಂದನ್ನೂ ಗಾಳಿಗೇ ಹಾಕಿದೆ.

ಗಂಟು ಹಾಕಿ ತಲೆ ಎತ್ತಿದಾಗ ಎದುರಿಗೆ ಕೊಡಚಾದ್ರಿ. ಅದರ ಕೆಳಗೆ ತೆಂಗಿನ ಸಾಲು, ಮರವಂತೆಯ ಬಿಳಿ ನೊರೆ, ನಮ್ಮ ಅಳಿವೆ. ನಾನು ಹುಟ್ಟಿದ್ದು, ಮದುವೆಯಾದದ್ದು, ನಿನ್ನನ್ನು ಹೆತ್ತದ್ದು ಎಲ್ಲ ಅಷ್ಟೇ ಅಗಲದಲ್ಲಿ. ಅಳು ಬರಲಿಲ್ಲ. ಒಂದು ಸಲ ಜೋರಾಗಿ ಕೂಗಿದೆ. ಏನು ಕೂಗಿದೆನೋ ನನಗೇ ಗೊತ್ತಿಲ್ಲ.

ಅಷ್ಟರಲ್ಲಿ ಹಡಗು ನೋಡಲೆಂದು ಗಂಗೊಳ್ಳಿಯ ನಾಲ್ಕೈದು ಬೋಟುಗಳು ಹತ್ತಿರ ಬಂದಿದ್ದವು. ಅವುಗಳಲ್ಲಿ ಒಂದು ನಮ್ಮದೇ, ಜಲರಾಣಿ. ನಾನು ಕೆಳಗಿನ ಏಣಿಗೆ ಇಳಿಯುವ ಹೊತ್ತಿಗೆ ಅಪ್ಪಯ್ಯನ ತಮ್ಮನ ಮಗ ಗುಡ್ಡ ಅದರ ಮೂತಿಯ ಮೇಲೆ ನಿಂತು ಅರಚುವುದು ಕೇಳಿತು. “ಹ್ವಾಯ್! ಕಾಣಿ ಮಾರ್ರೆ, ಅದ್ ನಮ್ಮ್ ರಾಜೀವಿ ದೊಡ್ಡಮ್ಮ ಅಲ್ದಾ! ಪ್ಯಾಂಟ್ ಹೈಕಂಡಿದ್ರ್!” ನಾನು ರಕ್ತದ ಕೈ ಎತ್ತಿ ಬೀಸಿದೆ.

ನಿನ್ನೆ ಇಲ್ಲಿ ಇಳಿದ ಕೂಡಲೇ ಮನೆಗೆ ಫೋನ್ ಮಾಡಿದೆ. ಅಪ್ಪಯ್ಯ ಎತ್ತಿದರು. “ಗುಡ್ಡ ಹೇಳ್ದ. ಎಷ್ಟ್ ಎತ್ರ ಹತ್ತಿದ್ದೆ?” ಎಂದು ಕೇಳಿದರು.

“ತೊಂಬತ್ತ್ ಅಡಿ ಅಂಬ್ರ್.”

“ಹ್ಞೂಂ.”

“ಹ್ವಾಯ್, ಅವತ್ತ್ ಜಲರಾಣಿಗ್ ಮೀನ್ ಬಿದ್ದಿತ್ತಾ?”

ಒಮ್ಮೆ ಕೆಮ್ಮಿದರು. “ಬಂಗ್ಡಿ,” ಎಂದರು. “ಬೋಟ್ ತುಂಬ.”

ನಾನು ಬೂತಿನಲ್ಲೇ ಗಟ್ಟಿಯಾಗಿ ನಕ್ಕುಬಿಟ್ಟೆ. ಅವರು ನಗಲಿಲ್ಲ, ಆದರೆ ಫೋನನ್ನೂ ಇಡಲಿಲ್ಲ. ಕೊನೆಗೆ ಕೇಳಿದರು, “ಮುಂಬೈಯಂಗ್ ಇಳೂತಿಗೆ ವಿನಯಾ ಬತ್ಳಾ?” ಗೊತ್ತಿಲ್ಲ ಎಂದೆ. “ನನ್ನ್ ಸಂಗಡ ಮಾತಾಡ್ದೆ ಹತ್ತ್ ವರ್ಷ ಮೇಲಾಯ್ತ್ ಅದ್. ಎಂತಕ್ಕ್ ಅಂದ್ ಇವತ್ತಿಗೂ ನಂಗ್ ಗೊತ್ತಿಲ್ಲೆ ಕಾಣ್,” ಎಂದರು.

ನಾಡಿದ್ದು ಇಲ್ಲಿಂದ ಹೊರಡುತ್ತೇವೆ. ಹದಿನೆಂಟನೇ ತಾರೀಕು ಬುಧವಾರ ಬೆಳಿಗ್ಗೆ ಹತ್ತರ ಮೇಲೆ ಮುಂಬಯಿ ಬಂದರಿಗೆ ಬರುತ್ತೇವೆಂದು ಕಪ್ತಾನ ಹೇಳಿದ್ದಾನೆ. ಮನೆಯವರನ್ನು ಹಡಗಿನ ಮೇಲೆ ಕರೆದುಕೊಂಡು ಬರಲು ಬಿಡುತ್ತಾರಂತೆ. ಸ್ವಾತಿಗೆ ಚುಕ್ಕಾಣಿ ಹಿಡಿಸುತ್ತೇನೆ. ಅವಳಿಗೆ ನನ್ನ ಮುತ್ತುಗಳು. ಅಳಿಯಂದಿರ ಆರೋಗ್ಯ ನೋಡಿಕೋ, ನಿನ್ನದೂ ನೋಡಿಕೋ. ಶಾಲೆಯಲ್ಲಿ ಗಂಟಲು ಹರಿಯುವ ಹಾಗೆ ಪಾಠ ಮಾಡಬೇಡ. ಆನೆಗುಡ್ಡೆ ಗಣಪತಿ ನಿಮ್ಮನ್ನು ಕಾಯಲಿ, ನಿಮ್ಮ ಮನೆಯಲ್ಲಿ ಯಾರ ಸೆರಗನ್ನೂ ಯಾರೂ ಎಳೆಯದಿರಲಿ.

ನಿನ್ನ ಅಬ್ಬಿ,
ರಾಜೀವಿ

ಮರೆತ ಮಾತು: ಮರೆತದ್ದಲ್ಲ. ಮೂರು ಸಲ ಕಾಗದ ಹರಿದದ್ದು ಇದನ್ನು ಬರೆಯಲಾಗದೆ.

ತೊಂಬತ್ತೆಂಟರ ಜೂನಿನಲ್ಲಿ ನಿನ್ನ ಹೆಸರಿಗೆ ಒಂದು ಕಾಗದ ಬಂದಿತ್ತು. ಹಡಗಿನ ತರಬೇತಿಗೆಂದು ಯಾರಿಗೂ ಹೇಳದೆ ಮುಂಬಯಿಗೆ ಅರ್ಜಿ ಹಾಕಿದ್ದೆಯಲ್ಲ, ಆ ಕಾಗದ. ಸಂದರ್ಶನಕ್ಕೆ ಕರೆದಿದ್ದರು. ನೀನು ಕುಂದಾಪುರಕ್ಕೆ ಕಾಲೇಜಿಗೆ ಹೋಗಿದ್ದೆ. ನಾನು ಒಡೆದು ಓದಿದೆ. ಬಚ್ಚಲ ಒಲೆಗೆ ಹಾಕಿದೆ. ನೀನು ಎರಡು ತಿಂಗಳು ಅಂಚೆಯವನ ದಾರಿ ಕಾದೆ. ಆಮೇಲೆ ಅಲ್ಲಿಗೇ ಫೋನ್ ಮಾಡಿ ವಿಚಾರಿಸಿ, ಕಾಗದ ಕಳಿಸಿದ್ದೇವೆ ಎಂದು ಅವರು ಹೇಳಿದಾಗ, ಅಪ್ಪಯ್ಯನೇ ಹರಿದು ಎಸೆದರೆಂದು ನೀನು ತಿಳಿದೆ. ಅವರಿಗೆ ಹಾಗೊಂದು ಕಾಗದ ಬಂದದ್ದೇ ಗೊತ್ತಿಲ್ಲ. ಮದುವೆಯ ದಿನ ನೀನು ಅವರ ಕಾಲಿಗೆ ಬಗ್ಗಿದೆ, ಮುಖ ನೋಡಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ.

ಹೆದರಿ ಸುಟ್ಟೆ ಎಂದು ಬರೆದರೆ ನೀನು ನಂಬಬಹುದು. ಅದು ಸುಳ್ಳು. ಹೊಟ್ಟೆಕಿಚ್ಚು ಮಗಾ. ನನ್ನನ್ನು ಎಳೆದು ಕೂರಿಸಿದ ಮರಳಿನಿಂದ ನೀನು ಎದ್ದು ಹೋಗುತ್ತೀಯಲ್ಲ ಎಂದು.

ಕ್ಷಮಿಸು ಎಂದು ಬೇಡುವುದಿಲ್ಲ. ಹಡಗಿಗೆ ಬರಲೇಬೇಕೆಂದೂ ಇಲ್ಲ. ಬಂದರೆ ನನಗೆ ಏನು ಹೇಳಬೇಕೋ ಎಲ್ಲರೆದುರೇ ಹೇಳು, ತಲೆ ತಗ್ಗಿಸದೆ ನಿಂತು ಕೇಳುತ್ತೇನೆ. ಬಾರದಿದ್ದರೆ ರೈಲು ಹಿಡಿದು ನನ್ನ ಮನೆಗೆ ಹೋಗುತ್ತೇನೆ, ಇದನ್ನೇ ನಿನ್ನ ಅಪ್ಪಯ್ಯನಿಗೂ ಹೇಳುತ್ತೇನೆ. ಆದರೆ ಅವರಿಗೆ ಈ ಕಾಗದ ಸಿಕ್ಕ ದಿನವೇ ಒಂದು ಫೋನ್ ಮಾಡು. ಸಂಜೆ ಜಗಲಿಯಲ್ಲಿ ಒಬ್ಬರೇ ಇರುತ್ತಾರೆ.