ಸೋಲಾಪುರದ ದನಿ

7 ಡಿಸೆಂಬರ್ 1986, ಭಾನುವಾರ

ಬೆಳಗಿನ ಡ್ಯೂಟಿ ಮುಗಿಸಿ ಟೆಲಿಫೋನ್ ಎಕ್ಸ್‌ಚೇಂಜಿನಿಂದ ನೇರ ಚರ್ಚಿಗೆ. ಕಿವಿಯಲ್ಲಿ ಇನ್ನೂ ಹಲೋ ಹಲೋ. ಪಕ್ಕದ ಮನೆಯ ಶಾರದವ್ವ ಅಪ್ಪನ ಕೈಹಿಡಿದು ಕರೆತಂದಿದ್ದಳು. ಅಪ್ಪನ ಮೊಣಕಾಲು ಮಡಚುವುದಿಲ್ಲ, ಆದರೂ ಮುಂದಿನ ಬೆಂಚೇ ಬೇಕು. ರಿಟೈರ್ ಆದರೂ ಮಾಸ್ತರಿಕೆ ಹೋಗಿಲ್ಲ.

ಆರಾಧನೆ ಆದಮೇಲೆ ಅಯ್ಯನವರು ಎಲ್ಲರನ್ನೂ ಕೂರಿಸಿಕೊಂಡರು. ಹೊಸ ಪಾದ್ರಿ, ಇನ್ನೂ ಮೂವತ್ತು ದಾಟಿಲ್ಲ. ಒಬ್ಬೊಬ್ಬರೂ ಒಂದು ಆಸೆ ಹೇಳಬೇಕಂತೆ, ಕ್ರಿಸ್‌ಮಸ್ಸಿನವರೆಗೆ ಅದನ್ನು ದೇವರ ಮುಂದೆ ಇಡಬೇಕಂತೆ. ನನ್ನ ಸರದಿ ಬಂತು. ಅಪ್ಪನ ಮೊಣಕಾಲು ವಾಸಿಯಾಗಲಿ ಎಂದೆ.

"ಅದು ಅಪ್ಪಾರದಾತು. ನಿಮಗೇನು ಬೇಕ್ರಿ, ಮಾರ್ಥಕ್ಕ?"

"ನನಗೇನಿಲ್ರಿ. ಎಲ್ಲಾ ಐತಿ."

ಅವರು ಮುಂದಿನವರ ಕಡೆ ತಿರುಗಿದರು.

ಮನೆಗೆ ಬಂದು ರೊಟ್ಟಿ ಬಡಿಯುವಾಗಲೂ ಅದೇ. ದೇವರಿಗೆ ಎಲ್ಲ ಗೊತ್ತಿದ್ದರೆ ಹೇಳುವುದು ಯಾಕೆ? ಗೊತ್ತಿದ್ದೂ ಕೇಳಿಸಿಕೊಳ್ಳಲು ಕಾಯುತ್ತಾನೆಯೇ?

9 ಡಿಸೆಂಬರ್, ಮಂಗಳವಾರ

ಹನ್ನೊಂದು ಗಂಟೆಗೆ ಸೋಲಾಪುರದ ಟ್ರಂಕ್ ಕಾಲ್. ಬ್ಯಾಡಗಿ 43ಕ್ಕೆ, ಅಂದರೆ ಮೆಣಸಿನಕಾಯಿ ದಲಾಲಿ ಅಂಗಡಿಗೆ. ಸೀಜನ್, ದಿನಾ ಇಂಥವು ಇಪ್ಪತ್ತು ಬರುತ್ತವೆ. ಲೈನ್ ಕೊಟ್ಟು ಕೀ ಮೇಲೆತ್ತಬೇಕು, ಅವರ ಮಾತು ಕೇಳಬಾರದು, ಅದೇ ರೂಲು. ಸೋಲಾಪುರದ ಕಡೆಯಿಂದ, "ಹಲೋ, ಕೇಳಸ್ತೈತೇನ್ರಿ? ಹತ್ತು ಚೀಲ ಡಬ್ಬಿ ಮೆಣಸಿನಕಾಯಿ ಬೇಕಾಗೈತಿ..."

ಎತ್ತಲಿಲ್ಲ. ಕೇಳುತ್ತ ಕೂತೆ.

ತಿಮ್ಮುವಿನ ದನಿ. 'ಹಲೋ' ಎಂದಮೇಲೆ ಒಂದು ಕ್ಷಣ ನಿಂತು ಉಸಿರು ತೆಗೆದುಕೊಳ್ಳುವುದು... ನನ್ನ ತಮ್ಮ ತಿಮೊಥಿ. ಮನೆ ಬಿಟ್ಟು ಎಂಟು ವರ್ಷ. 1980ರಲ್ಲಿ ಒಂದೇ ಒಂದು ಕಾರ್ಡು ಬಂದಿತ್ತು. 'ಆರಾಮ ಇದ್ದೇನೆ.' ವಿಳಾಸ ಇರಲಿಲ್ಲ. ಸೋಲಾಪುರದ ಠಸ್ಸೆ ಇತ್ತು.

ಅಪ್ಪನಿಗೆ ಹೇಳಲಿಲ್ಲ. ಈ ಮನೆಯಲ್ಲಿ ಆ ಹೆಸರು ಎತ್ತುವಂತಿಲ್ಲ.

11 ಡಿಸೆಂಬರ್

ಮತ್ತೆ ಅದೇ ದನಿ. ಇವತ್ತು ಅಷ್ಟು ಖಾತ್ರಿ ಇಲ್ಲ. ನಿನ್ನೆ ಬರಲಿಲ್ಲ — ನಿನ್ನೆ ಊಟ ಸೇರಲಿಲ್ಲ.

13 ಡಿಸೆಂಬರ್, ಶನಿವಾರ

ಬರೆದೇಬಿಡುತ್ತೇನೆ. ಇಲ್ಲಿ ಓದುವವರು ಯಾರು?

ಮಾರ್ಚ್ 1978. ಅವ್ವನಿಗೆ ಸೀರಿಯಸ್. ತಿಮ್ಮು ಬೆಳಗಾವಿಯಲ್ಲಿ ಐಟಿಐ ಓದುತ್ತಿದ್ದ. "ಲಗೂನ ಟೆಲಿಗ್ರಾಂ ಕೊಡು" ಎಂದು ಅಪ್ಪ ಒಂದು ಸೋಮವಾರ ಹೇಳಿದ. ಅವ್ವ ನನ್ನ ಸೆರಗು ಹಿಡಿದು, "ಅವನ ಪರೀಕ್ಷಾ ನಡದಾವ, ಸುಮ್ನ ಗಾಬರಿ ಮಾಡಬ್ಯಾಡ. ನನಗ ಈಗ ಹಗುರ ಆಗೈತಿ" ಎಂದಳು. ಖರೇ ಅಂದುಕೊಂಡೆ. ಕಳಿಸಿದ್ದು ಬುಧವಾರ. ಅವ್ವ ಹೋದದ್ದೂ ಬುಧವಾರ.

ಅವನು ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಸ್ಮಶಾನದಲ್ಲಿ ಎಲ್ಲರ ಮುಂದೆ ಅಪ್ಪ ಅಂದ — "ಮೂರು ದಿನದ ಹಿಂದ ತಾರು ಕೊಟ್ಟೇನಿ. ಈಗ ಬಂದಿ. ನೀ ನನ್ನ ಮಗ ಅಲ್ಲ." ತಿಮ್ಮು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅವನು ಅಲ್ಲಿಂದಲೇ ಹೋದ.

ಅವನು ಬರಲಿ ಎಂದು ಎಂಟು ವರ್ಷದಲ್ಲಿ ಒಂದು ಸಲವೂ ದೇವರನ್ನು ಕೇಳಿಲ್ಲ. ಕೇಳಬೇಕಾದರೆ ಮೊದಲು ಇದನ್ನು ಹೇಳಬೇಕಲ್ಲ.

14 ಡಿಸೆಂಬರ್, ಭಾನುವಾರ

ಹೇಳಿದೆ. ಎಲ್ಲರೂ ಹೋದಮೇಲೆ ಚರ್ಚಿನ ಹಿಂದಿನ ಬೆಂಚಿನಲ್ಲಿ, ದೇವರಿಗೆ. ಹುಡುಗಿಯರು ಕ್ರಿಸ್‌ಮಸ್ಸಿನ ಗೋದಲಿ ಕಟ್ಟಲು ಹುಲ್ಲು ತಂದು ಹಾಕಿದ್ದರು, ಸೀನು ಬರುತ್ತಿತ್ತು. ತಮ್ಮ ಬೇಕು ಎಂದೆ. ಕ್ರಿಸ್‌ಮಸ್ಸಿಗೆ ಬೇಕು ಎಂದೆ. ಟೆಲಿಗ್ರಾಂನ ವಿಷಯವನ್ನೂ.

ಏನಾಗುತ್ತದೋ ನೋಡೋಣ ಎಂದು ಸ್ವಲ್ಪ ಹೊತ್ತು ಕುಳಿತೆ. ಏನೂ ಆಗಲಿಲ್ಲ. ಹೊರಗೆ ಬಂದರೆ ಭಯಂಕರ ಹಸಿವು. ಎರಡು ಪ್ಲೇಟ್ ಮಿರ್ಚಿ ಭಜಿ ತಿಂದೆ, ನಿಂತುಕೊಂಡೇ.

17 ಡಿಸೆಂಬರ್, ಬುಧವಾರ

ಇವತ್ತು 43 ಎಂಗೇಜ್ ಇತ್ತು. ಸೋಲಾಪುರದವರು ಲೈನಿನಲ್ಲಿ ಕಾಯುತ್ತಿದ್ದರು. ಕೇಳಿಬಿಟ್ಟೆ.

"ನೀವು ಈ ಕಡಿಯವರೇನ್ರಿ?"

"ಹೌದ್ರಿ. ಹೆಂಗ ಗೊತ್ತಾತ್ರಿ?"

"ಮಾತಿನ ಮ್ಯಾಲೆ... ನಿಮ್ಮ ಹೆಸರು?"

"ಮಲ್ಲಿಕಸಾಬ ಅಂತ್ರಿ. ಗುತ್ತಲದಾಂವ."

ಅವನೇ ಹಲೋ ಹಲೋ ಎಂದ. ಕಡೆಗೆ ಹೇಳಿದೆ — ನನ್ನ ತಮ್ಮ ಅಂದುಕೊಂಡಿದ್ದೆ, ಅವನೂ ಸೋಲಾಪುರದಲ್ಲೇ ಎಲ್ಲೋ ಇದ್ದಾನೆ, ತಿಮೊಥಿ ಎಂದು ಹೆಸರು.

"ಹುಡುಕತೇನ್ರಿ ಅಕ್ಕಾರ. ನಮ್ಮ ಕಡಿ ಮಂದಿ ಇಲ್ಲಿ ಎಲ್ಲೆಲ್ಲಿ ಇರತಾರ ನನಗ ಗೊತ್ತೈತಿ." ಆಮೇಲೆ ದನಿ ಇಳಿಸಿದ. "ನಾನೂ ಸಿಟ್ಟಿನಾಗ ಬಂದಾಂವ್ರಿ. ಮೂರು ವರ್ಷಾತು. ಗುತ್ತಲ ಬಸ್ ಸ್ಟ್ಯಾಂಡ್ ಹಿಂದ ನಮ್ಮ ಅಮ್ಮಾ ಇರತಾಳ, ಸೈದಾಬಿ ಅಂತ. ಅದಾಳೋ ಇಲ್ಲೋ... ಕಾಗದ ಬರಿಯಾಕ ಅಂಜಿಕಿ."

ಅಷ್ಟರಲ್ಲಿ 43 ಫ್ರೀ ಆಯಿತು.

18 ಡಿಸೆಂಬರ್

ನಾನು ಕೇಳಿದ್ದು ಒಬ್ಬನನ್ನು. ಇನ್ಯಾರನ್ನೋ ತಂದು ಕಿವಿಗೆ ಹಚ್ಚಿದೆಯಲ್ಲ, ದೇವರೇ. ಇದೇನು ತಮಾಷೆ?

23 ಡಿಸೆಂಬರ್

ಮಲ್ಲಿಕಸಾಬನ ಕಾಲ್ ಬರುತ್ತಿದೆ. ನಾನು ಮಾತಾಡಿಸುತ್ತಿಲ್ಲ. ಇವತ್ತು ಲೈನ್ ಕೊಡುವಾಗ ಮೆಲ್ಲಗೆ, "ಗುತ್ತಲ ನಿಮಗ ದೂರೇನ್ರಿ ಅಕ್ಕಾರ?" ಎಂದ. ಅಷ್ಟೇ.

ದೂರವಲ್ಲ. ಹಾವೇರಿಯಲ್ಲಿ ಬಸ್ ಬದಲಿಸಿದರಾಯಿತು.

ಐದು ದಿನ ಸಿಟ್ಟಾಗಿದ್ದೆ. ಈಗ ಕುತೂಹಲವೇ ಹೆಚ್ಚು. ನಾನು ದೇವರಿಗೆ ಬಾಗಿಲು ತೆರೆದದ್ದು ಒಂದು ಕೆಲಸಕ್ಕೆ. ಒಳಗೆ ಬಂದವನು ಬೇರೆ ಏನನ್ನೋ ಎತ್ತಿಕೊಂಡು ಕೂತಿದ್ದಾನೆ. ಏನು ಮಾಡುತ್ತಾನೆ ಅವನು? ನೋಡಬೇಕು.

25 ಡಿಸೆಂಬರ್, ಗುರುವಾರ. ಸಂಜೆ

ಆರಾಧನೆ ಮುಗಿದದ್ದೇ ಬಸ್ಸು ಹತ್ತಿದೆ. ಗೆಳತಿಯ ಮನೆಗೆ ಎಂದು ಅಪ್ಪನಿಗೆ ಸುಳ್ಳು — ಹಬ್ಬದ ದಿನ! ಡಬ್ಬಿಯಲ್ಲಿ ಕರ್ಚಿಕಾಯಿ.

ಗುತ್ತಲದಲ್ಲಿ ಸೈದಾಬಿಯ ಮನೆ ಯಾರನ್ನು ಕೇಳಿದರೂ ಗೊತ್ತು. ಅಂಗಳದಲ್ಲಿ ಕೌದಿ ಹೊಲಿಯುತ್ತ ಕೂತಿದ್ದಳು. ದಪ್ಪ ಚಷ್ಮಾ. ಕ್ರಿಸ್‌ಮಸ್ಸಿನ ಕರ್ಚಿಕಾಯಿ ಮುಂದಿಟ್ಟು, ಮಲ್ಲಿಕಸಾಬ ಸೋಲಾಪುರದಲ್ಲಿ ಆರಾಮ ಇದ್ದಾನೆ, ದಿನಾ ಅವನ ದನಿ ಕೇಳುತ್ತೇನೆ ಎಂದೆ. ಸೂಜಿ ಬಟ್ಟೆಯಲ್ಲೇ ನಿಂತಿತು.

"ಊಟ ಮಾಡತಾನಂತೇನ?" ಎಂದಳು. ಮೊದಲ ಮಾತೇ ಅದು.

"ಕೇಳಿಲ್ರಿ. ನಾಳಿ ಕೇಳತೇನಿ."

"ನನಗ ಸಿಟ್ಟಿಲ್ಲ ಅಂತ ಹೇಳು. ಬರಲಿ. ನಾಳಿ ಬರಲಿ." ಸೆರಗಿನಲ್ಲಿ ಮುಖ ಒರೆಸಿಕೊಂಡು, ನನ್ನ ಕೈ ಹಿಡಿದಳು. "ನೀ ಯಾಕ ಇಷ್ಟು ದೂರ ಬಂದಿ, ಮಗಳ? ನಿನ್ನ ಹಬ್ಬ ಐತಿ ಇವತ್ತು."

ಎಲ್ಲ ಹೇಳಿದೆ. ತಿಮ್ಮು, ಅವ್ವ, ಸೋಮವಾರ, ಬುಧವಾರ. ಮನುಷ್ಯರೊಬ್ಬರಿಗೆ ಹೇಳಿದ್ದು ಇದೇ ಮೊದಲು. ಬೈಯುತ್ತಾಳೆ ಅಂದುಕೊಂಡೆ.

"ನಾನೂ ಅವಂಗ ದುವಾ ಮಾಡತೇನಿ, ಹೆಸರು ಇನ್ನೊಮ್ಮೆ ಹೇಳು" ಎಂದಳು. ತಿಮೊಥಿ ಎಂದೆ. ನಾಲಿಗೆ ಹೊರಳದೆ ಎರಡು ಸಲ ತಪ್ಪಿ, ಮೂರನೆಯ ಸಲ ಸರಿಯಾಗಿ ಅಂದಳು. ಆಮೇಲೆ ಕೇಳಿದಳು — "ಇದನ್ನ ನಿಮ್ಮಪ್ಪಗ ಹೇಳೀ ಏನ?"

ಬಸ್ಸಿನಲ್ಲಿ ಹಾವೇರಿಯವರೆಗೂ ಅದೊಂದೇ ಪ್ರಶ್ನೆ.

26 ಡಿಸೆಂಬರ್. ಬೆಳಿಗ್ಗೆ 7

ಚಹಾ ಕೊಡುವಾಗ ಹೇಳಿದೆ, ತಡವಾದ ಟೆಲಿಗ್ರಾಂನಿಂದ ಮಲ್ಲಿಕಸಾಬನವರೆಗೆ ಎಲ್ಲ. ನಿಂತೇ ಹೇಳಿದೆ, ಕೂತರೆ ಆಗುತ್ತಿರಲಿಲ್ಲ. ಅಪ್ಪ ಚಹಾದ ಬಸಿ ಕೆಳಗಿಟ್ಟ.

"ಎರಡು ದಿನ?"

"ಹೌದಪಾ."

ಹೊಡೆದರೂ ಹೊಡೆಯಲಿ ಎಂದು ನಿಂತೆ.

"ಅವತ್ತ ಅಂವ ಏನೋ ಹೇಳಾಕ ಬಾಯಿ ತೆರದಿದ್ದ," ಎಂದ ಅಪ್ಪ. "ನಾ ಬಿಡಲಿಲ್ಲ. ನೀ ಎರಡು ದಿನ. ನಾ ಎಂಟು ವರ್ಷ."

ಆಮೇಲೆ ಅಳುತ್ತಾನೋ ಎಂದು ನೋಡಿದೆ. ಇಲ್ಲ. ಚಷ್ಮಾ ಒರೆಸಿ ಹಾಕಿಕೊಂಡ. ಸೋಲಾಪುರದ ಆ ಮನುಷ್ಯ ಎಲ್ಲಿ ಇರುತ್ತಾನೆ, ಅವನ ಕೈಗೆ ಕಾಗದ ಕೊಟ್ಟರೆ ತಿಮ್ಮುವಿಗೆ ಮುಟ್ಟಿಸುತ್ತಾನೇನು ಎಂದು ಕೇಳಿದ. ತಿಮ್ಮು ಎಂದ. ಆ ಹೆಸರು, ಅಪ್ಪನ ಬಾಯಿಂದ.

ಸಿಗುತ್ತಾನೋ ಇಲ್ಲವೋ ಗೊತ್ತಿಲ್ಲ. ಸಿಕ್ಕರೂ ಬರುತ್ತಾನೋ—

ಅಪ್ಪ ಕರೆಯುತ್ತಿದ್ದಾನೆ. ತನ್ನ ಕೈಯಲ್ಲಿ ಅಕ್ಷರ ನಿಲ್ಲುವುದಿಲ್ಲವಂತೆ, ತಾನು ಹೇಳುತ್ತಾನಂತೆ, ನಾನು ಬರೆಯಬೇಕಂತೆ. ಆಗಲೇ ಶುರು ಮಾಡಿದ್ದಾನೆ, ಶಾಲೆಯಲ್ಲಿ ಉಕ್ತಲೇಖನ ಹೇಳುವ ಹಾಗೆ — "ಬರಿ. ಚಿರಂಜೀವಿ ತಿಮೊಥಿಗೆ, ನಿನ್ನ ತಂದಿ..." ಮನೆಯಲ್ಲಿ ಇರುವುದು ಇದೊಂದೇ ಪೆನ್ನು, ಹೋಗಬೇಕು.