ಹತ್ತೊಂಬತ್ತನೇ ತಲೆ

8-7-74, ಸೋಮವಾರ
ಇವತ್ತೂ ಅದೇ ತಪ್ಪು. ಹುಣಸೆಬೀಜ ಕೊಟ್ಟರೆ ಮಕ್ಕಳು ಹನ್ನೊಂದಕ್ಕೆ ಎಂಟು ಕೂಡಿಸಿ ಹತ್ತೊಂಬತ್ತು ಅನ್ನುತ್ತಾರೆ. ಹನ್ನೊಂದು ಹುಡುಗರು, ಎಂಟು ಹುಡುಗಿಯರು — ನಮ್ಮ ಶಾಲೆಯದೇ ಲೆಕ್ಕ — ಒಟ್ಟು ಎಷ್ಟು? ಎಲ್ಲರೂ ಒಂದೇ ದನಿಯಲ್ಲಿ ಹದಿನೆಂಟು! ಕುರಿ ಕೂಡಿಸಿದರೂ ಒಂದು ಕಡಿಮೆ, ಕೋಳಿ ಕೂಡಿಸಿದರೂ ಒಂದು ಕಡಿಮೆ. ಬೆತ್ತ ತೋರಿಸಿದೆ. ಹದಿನೆಂಟೇ. ಮುಂದಿನ ಸೋಮವಾರ ಇನ್‌ಸ್ಪೆಕ್ಷನ್. ಹರಿಯಬ್ಬೆಯಿಂದ ಮೂರು ಮೈಲಿ ನಡೆದು ಈ ಹಟ್ಟಿಗೆ ಬರುವುದು ಮಾನ ಕಳೆದುಕೊಳ್ಳೋದಕ್ಕಾ?

10-7-74, ಸಂಜೆ
ಕಾಟಲಿಂಗಪ್ಪನನ್ನು ವಿಚಾರಿಸಿದೆ. ಹಟ್ಟಿಯ ಹಿರಿಯ ಕುರಿಗಾರ, ನಮ್ಮ ಶಾಲೆಯ ಪುಟ್ಟ ಹುಡುಗಿ ಯಲ್ಲಕ್ಕನ ತಾತ. ರೊಪ್ಪದ ಬಾಗಿಲಲ್ಲಿ ನಿಂತು ಕುರಿಗಳನ್ನು ಎಣಿಸಿ ಒಳಗೆ ಬಿಡುತ್ತಿದ್ದ. ಕೊನೆಯದನ್ನು ಎಣಿಸದೇ ದೂಡಿದ.
"ಜೀವ ಇರೋದನ್ನ ಪೂರಾ ಎಣಿಸಬಾರ್ದು ಮೇಷ್ಟ್ರೆ. ಒಂದು ಬಿಡಬೇಕು."
"ಎಣಿಸಿದ್ರೆ ಏನಾಗುತ್ತೆ?"
"ಹೊರಗೆ ಕೇಳಿಸ್ಕಣಾದು ಒಂದೈತೆ. ಪೂರಾ ಲೆಕ್ಕ ಸಿಕ್ರೆ ಒಂದನ್ನ ಎತ್ಕಂಡು ಹೋಗಿ, ಅದರ ಜಾಗದಾಗೆ ತಾನು ನಿಂತ್ಕಂತೈತೆ. ಲೆಕ್ಕ ಸರಿಯಾಗೇ ಇರ್ತೈತೆ. ನಮಗೆ ಗೊತ್ತೇ ಆಗಲ್ಲ."
ನಕ್ಕುಬಿಟ್ಟೆ. ಮುದುಕ ನಗಲಿಲ್ಲ. "ಕುಂತ್ಕಳ್ರಿ, ಮಜ್ಜಿಗೆ ಕುಡೀರಿ" ಅಂದ.

11-7-74
ಹಟ ಹಿಡಿದು ಯಲ್ಲಕ್ಕನನ್ನು ಎಬ್ಬಿಸಿದೆ. ಆರು ವರ್ಷ. ಮುಂದಿನ ಎರಡು ಹಲ್ಲು ಬಿದ್ದಿವೆ. ಎರಡಕ್ಕೆ ಎರಡು ಕೂಡಿಸಲೂ ಬೆರಳು ಬೇಕು. ತನ್ನವು ಸಾಲದಿದ್ದರೆ ಎದ್ದು ಬಂದು ನನ್ನವನ್ನು ಹಿಡಿದುಕೊಳ್ಳುತ್ತಾಳೆ. ಎಲ್ಲರ ತಲೆ ಮುಟ್ಟಿ ಎಣಿಸು ಅಂದೆ. ಹದಿನೆಂಟಕ್ಕೆ ನಿಂತಳು. ಉಳಿದದ್ದು ಅವಳದೇ ತಲೆ.
"ಬ್ಯಾಡ ಮೇಷ್ಟ್ರೆ..."
ಬೆತ್ತ ಎತ್ತಿದೆ. ಅವಳ ಕೈ ಹಿಡಿದು ನಾನೇ ಅವಳ ತಲೆಯ ಮೇಲಿಟ್ಟೆ. ಅಳುತ್ತಾ ಹೇಳಿದಳು — ಹತ್ತೊಂಬತ್ತು. ಹೊರಗೆ ಬೊಗಳುತ್ತಿದ್ದ ನಾಯಿಗಳೆಲ್ಲ ಒಟ್ಟಿಗೇ ಸುಮ್ಮನಾದವು. ಶಭಾಷ್ ಅಂದು ಕೂರಿಸಿದೆ.

15-7-74, ಸೋಮವಾರ
ಇನ್‌ಸ್ಪೆಕ್ಷನ್ ಮುಗಿಯಿತು. ಯಲ್ಲಕ್ಕ ಮೂರಂಕಿಯ ಕೂಡುವ ಲೆಕ್ಕವನ್ನು ನಿಂತಲ್ಲೇ ಹೇಳಿದಳು. ಬೆರಳು ಮಡಚಲಿಲ್ಲ. ಸಾಹೇಬರು "ವೆರಿ ಗುಡ್ ಮೇಷ್ಟ್ರೇ" ಅಂದರು. ಉಬ್ಬಿಹೋಗಬೇಕಿತ್ತು ನಾನು. ಆದರೆ ಮೂರಂಕಿ ಕಲಿಸಿಯೇ ಇಲ್ಲ.
ಉತ್ತರ ಹೇಳುವಾಗ ಅವಳ ಬಾಯಿ ನೋಡಿದೆ. ಹಲ್ಲು ಎಲ್ಲಾ ಇವೆ.

18-7-74
ಯಲ್ಲಕ್ಕನ ತಾಯಿ ಹುಚ್ಚಕ್ಕ ಶಾಲೆಗೇ ಬಂದಳು. ಮನೆಯ ನಾಯಿ ಹುಡುಗಿಯ ಹತ್ತಿರ ಸುಳಿಯುತ್ತಿಲ್ಲವಂತೆ. ಅವಳು ಉಣ್ಣುವುದೂ ಇಲ್ಲ, ಮಲಗುವುದೂ ಇಲ್ಲವಂತೆ.
"ನಿಮ್ ಲೆಕ್ಕ ಸರಿ ಐತಲ್ಲ ಮೇಷ್ಟ್ರೆ? ಹತ್ತೊಂಬತ್ತು ಐತಲ್ಲ? ನನ್ ಮಗಳು ಎಲ್ಲೈತೆ ಹೇಳ್ರಿ."
ಆ ಹುಡುಗಿ ಮುಂದಿನ ಸಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು. ಎಷ್ಟು ಹೊತ್ತಾದರೂ ರೆಪ್ಪೆ ಬಡಿಯಲಿಲ್ಲ. ಭಯವಾಯಿತು. ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಕೈ ಹಿಡಿದು ಎಣಿಸಿದವನು ನಾನೇ.

29-7-74, ಮಧ್ಯಾಹ್ನ
ಹನ್ನೊಂದು ದಿನ ಬರೆಯಲಾಗಲಿಲ್ಲ. ಶಾಲೆಯ ಎದುರಿಗಿನ ಹಳೇ ರೊಪ್ಪದಿಂದ ದನಿ ಬರುತ್ತಿದೆ. ಕುರಿ ಕೂಡುವುದನ್ನು ಬಿಟ್ಟು ವರ್ಷಗಳೇ ಆದ ಜಾಗ. ಒಂದು, ಎರಡು... ಹಲ್ಲಿಲ್ಲದ ಬಾಯಿಯ ತೊದಲು. ಹದಿನೆಂಟಕ್ಕೆ ನಿಲ್ಲುತ್ತದೆ. ಮತ್ತೆ ಒಂದರಿಂದ ಶುರು. ಮುಳ್ಳುಬೇಲಿ ಸುತ್ತ ಹುಡುಕಿದೆ. ಒಳಗೆ ಯಾರೂ ಇಲ್ಲ.
ಕಾಟಲಿಂಗಪ್ಪ ಬೇಲಿ ಪಕ್ಕ ಕೂತಿದ್ದ. ದಿನವೂ ಬಂದು ಕೂರುತ್ತಾನಂತೆ.
"ಒಳಗೆ ಹೋಗಿ ಕೂಸಿನ ಬದ್ಲಿ ತನ್ನ ತಲೆ ತಾನೇ ಎಣಿಸ್ಕಂಡ್ರೆ ಅದನ್ನ ಬಿಡ್ತೈತೆ ಅಂತಾರೆ. ನಾನು ಎಣಿಸ್ಕಂಡೆ ಮೇಷ್ಟ್ರೆ. ನನ್ನ ಒಲ್ಲೆ ಅಂತು. ಎಣಿಸ್ದೋರೇ ಬರ್ಬೇಕೇನೋ."
ಬೈಯಲಿಲ್ಲ ಮುದುಕ. ಬೈದಿದ್ದರೆ ಚೆನ್ನಾಗಿತ್ತು.

31-7-74
ಹೋದೆ. ಊಟದ ಬೆಲ್ ಹೊಡೆದು, ಡೈರಿ ಜೇಬಿಗೆ ಹಾಕಿಕೊಂಡು ನೆಟ್ಟಗೆ ಹಳೇ ರೊಪ್ಪದ ಒಳಗೆ ಹೋದೆ. ಹದಿನೆಂಟು ಅಂತ ಕಿವಿಯ ಪಕ್ಕದಲ್ಲೇ ಕೇಳಿಸಿತು. ನನ್ನ ತಲೆ ಮುಟ್ಟಿಕೊಂಡೆ. ಹತ್ತೊಂಬತ್ತು ಅಂದೆ. ಗಾಳಿಯೂ ಬೀಸಲಿಲ್ಲ. ದನಿ ನಿಂತಿತು, ಅಷ್ಟೇ.

1-8-74, ಗುರುವಾರ
ಯಲ್ಲಕ್ಕ ಬಂದಿದ್ದಾಳೆ! ರೊಪ್ಪದ ಬೇಲಿ ಸಂದಿಯಿಂದ ಶಾಲೆಯ ಬಾಗಿಲು ಚೆನ್ನಾಗಿ ಕಾಣುತ್ತದೆ. ಅವಳೇ. ನಕ್ಕಾಗ ಹಲ್ಲಿನ ಜಾಗ ಖಾಲಿ. ನಾಯಿ ಬಾಲ ಅಲ್ಲಾಡಿಸುತ್ತಾ ಬಾಗಿಲ ತನಕ ಬಂತು. ಕೂತಲ್ಲೇ ಅತ್ತೆ.
ಹೊರಗೆ ಕಾಲಿಡಲು ಆಗುತ್ತಿಲ್ಲ. ಕೂಗಿದರೆ ಯಾರೂ ತಿರುಗುತ್ತಿಲ್ಲ. ಕಾಟಲಿಂಗಪ್ಪ ಬೇಲಿ ಪಕ್ಕದಲ್ಲೇ ಹಾದುಹೋದ.
ನಾಯಿ ಈಗ ಯಾಕೋ ಬಾಲ ಮುದುರಿ ಹಿಂದೆ ಸರಿಯುತ್ತಿದೆ... ಬೋರ್ಡಿನ ಮುಂದೆ ಯಾರೋ ನಿಂತಿದ್ದಾರೆ. ನನ್ನ ಕೋಟು. ನನ್ನ ಬೆತ್ತ. ನನ್ನ ಮುಖ. ಕೂಡುವ ಲೆಕ್ಕ ಹೇಳಿಕೊಡುತ್ತಿದ್ದಾನೆ. ಯಲ್ಲಕ್ಕನನ್ನು ಎಬ್ಬಿಸಿದ. ತಲೆ ಮುಟ್ಟಿ ಎಣಿಸು ಅಂತಿದ್ದಾನೆ. ಹದಿನಾರು... ಹದಿನೇಳು... ಹದಿನೆಂಟಕ್ಕೆ ನಿಂತಳು. ಅವನು ಬೆತ್ತ ಎತ್ತಿದ. ಅವಳ ಕೈ ಹಿಡಿದುಕೊಂಡ.
ಯಲ್ಲಕ್ಕಾ, ಬೇಡ ಕಂದಾ, ಹದಿನೆಂಟೇ ಸರಿ, ನಾನು ಹೇಳಿಕೊಟ್ಟಿದ್ದು ತಪ್ಪು, ಹದಿನೆಂಟು ಅಂತಲೇ ಹೇ