ಎರಡು ಸಲ ಕೇಳಿದ ಪ್ರಶ್ನೆ

ವಾನ್, ಕೆನಡಾ,
ಆಗಸ್ಟ್ 21, 2025, ಗುರುವಾರ

ಪ್ರೀತಿಯ ನೀಲಾ,

ನೀನು ಕ್ಷೇಮವೆಂದು ನಂಬಿದ್ದೇನೆ. ಅತ್ತೆಯವರ ಸೊಂಟ ಹೇಗಿದೆ? ಆಪರೇಷನ್ನಿನ ಬಳಿಕ ಮೊದಲ ಸಲ ವಾಕರ್ ಹಿಡಿದು ಪಡಸಾಲೆಯವರೆಗೆ ನಡೆದರೆಂದು ಭಾನುವಾರ ನೀನು ಹೇಳಿದ್ದೆ. ಮೆಟ್ಟಿಲಿಗೆ ಅವಸರ ಬೇಡವೆನ್ನು. ನಿನ್ನ ನಿದ್ರೆಯ ಬಗ್ಗೆ ನೀನಾಗಿ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ, ಈಗ ಕೇಳುತ್ತಿದ್ದೇನೆ. ಧಾರವಾಡದ ನಿಮ್ಮ ಮನೆಯಲ್ಲಿ ಫೋನ್ ಬಂದರೆ ಎಲ್ಲರೂ ಸ್ಪೀಕರಿನ ಸುತ್ತ ಕೂಡುತ್ತಾರೆ, ಅತ್ತೆಯವರು ಎಲ್ಲರಿಗಿಂತ ಹತ್ತಿರ. ಆದ್ದರಿಂದ ಬರೆದು, ಫೋಟೋ ತೆಗೆದು ಕಳಿಸುತ್ತಿದ್ದೇನೆ. ಒಬ್ಬಳೇ ಇರುವಾಗ ಓದು.

ನಮ್ಮ ಆಕಾಶನ ವಿಷಯ. ತಲೆಗೆ ಎರಡು ಸಲ ಪೆಟ್ಟು ಬಿದ್ದು ಅವನು ಯೂನಿವರ್ಸಿಟಿಯ ಫುಟ್‌ಬಾಲ್ ತಂಡ ಬಿಟ್ಟು ಎರಡು ವರ್ಷವಾಯಿತು. ಈ ಬೇಸಿಗೆಯಲ್ಲಿ ಡಾಕ್ಟರು ಆಡಬಹುದೆಂದರು, ನೀನು ಅರೆಮನಸ್ಸಿನಿಂದ ಹೂಂ ಎಂದೆ, ನಾನು ಸುಮ್ಮನಿದ್ದೆ. ಅವನ ಹಳೆಯ ಸ್ಥಾನವನ್ನು ಯಾರೂ ಕಾದಿಟ್ಟಿರಲಿಲ್ಲ. ಈಗ ಅವನು ವಾಕ್-ಆನ್, ಅಂದರೆ ಕರೆಯದೆ ಬಂದವನು. ಸ್ಕಾಲರ್‌ಶಿಪ್ ಇಲ್ಲ, ಜೆರ್ಸಿಯ ಮೇಲೆ ಹೆಸರಿಲ್ಲ. ಕ್ಯಾಂಪಿನಲ್ಲಿ ಆಡಿದ್ದನ್ನು ನೋಡಿ ಶನಿವಾರ ತಂಡವನ್ನು ಆರಿಸುತ್ತಾರೆ. ಬೆಳಿಗ್ಗೆ ಹಾಡಿಕೊಳ್ಳುತ್ತ ಶೂ ಕಟ್ಟುತ್ತಾನೆ, ನೀಲಾ. ಈ ಮನೆಯಲ್ಲಿ ಆ ಹಾಡು ಕೇಳಿ ಎಷ್ಟು ಕಾಲವಾಗಿತ್ತೆಂದು ನಿನಗೂ ಗೊತ್ತು.

ನಿನ್ನೆ ಮೊದಲ ಬಾರಿಗೆ ಪೂರ್ಣ ಕವಚ ತೊಟ್ಟು ಢಿಕ್ಕಿ ಹೊಡೆಯುವ ಅಭ್ಯಾಸವಿತ್ತು. ಬರ್ಲಿಂಗ್ಟನ್ನಿನ ಲ್ಯಾಬಿಗೆ ರಜೆ ಹಾಕಿದೆ. ಒಬ್ಬನೇ ನಿಂತು ನೋಡುವ ಧೈರ್ಯವಿರಲಿಲ್ಲ. ಗೋದಾಮಿನ ಕೆಲಸಕ್ಕೆ ರಜೆಯಿದ್ದ ಪಕ್ಕದ ಮನೆಯ ತಿಪ್ಪಣ್ಣನನ್ನು ಬಾ ಎಂದೆ. ಕೊರಳಲ್ಲಿ ಏನೂ ಇರಬಾರದೆಂಬುದು ಆಟದ ನಿಯಮ. ಆಕಾಶ ಬೇಲಿಯ ಬಳಿ ಬಂದು ಇಷ್ಟಲಿಂಗದ ಕರಡಿಗೆಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ. ಅದನ್ನು ಕಟ್ಟುವಾಗ ನೀನು ಹೇಳಿದ್ದು, "ಜೀವ ಇರೂತನಕ ಮೈಮ್ಯಾಲಿಂದ ತಗೀಬ್ಯಾಡಪಾ," ನನಗೆ ನೆನಪಾಯಿತು. ಪೂಜೆಯಲ್ಲಿ ನಿನ್ನಷ್ಟು ನಿಷ್ಠೆ ನನಗಿಲ್ಲ. ಆದರೂ ಅಭ್ಯಾಸ ಮುಗಿಯುವವರೆಗೆ ಮುಷ್ಟಿ ಬಿಚ್ಚಲಿಲ್ಲ. ಅತ್ತೆಯವರಿಗೆ ಇದನ್ನು ತಿಳಿಸಬೇಡ.

ತಿಪ್ಪಣ್ಣನಿಗೆ ಆಟ ನೋಡಿ ಸೋಜಿಗ. "ಏನ್ರೀ ಸಾಹೇಬ್ರ, ಫುಟ್‌ಬಾಲ್ ಅಂತಾರ, ಕೈಯಾಗ ಹಿಡ್ಕೊಂಡು ಓಡ್ತಾರಲ್ರೀ!" ಎಂದು ಅವನು ನಗುತ್ತಿರುವಾಗಲೇ ಆಕಾಶ ಜಿಗಿದು ಚೆಂಡು ಹಿಡಿದ, ಕೆಳಗಿಳಿಯುವ ಮೊದಲೇ ಒಬ್ಬ ದೈತ್ಯ ಪಕ್ಕದಿಂದ ಬಂದು ಬಡಿದ. ಸದ್ದು ನಮ್ಮವರೆಗೆ ಕೇಳಿಸಿತು. ಚೆಂಡು ಕೈಬಿಟ್ಟಿರಲಿಲ್ಲ. ಎದ್ದ, ಓಡಿದ, ಜೊತೆಗಾರರು ಅವನ ಬೆನ್ನು ತಟ್ಟಿದರು. "ಹುಡುಗ ಎದ್ದ ನಿಂತಾನ್ರೀ, ನೀವ್ಯಾಕ ಕುಂತ್ರಿ?" ಎಂದು ತಿಪ್ಪಣ್ಣ ಕೇಳಿದಾಗಲೇ ನಾನು ಹುಲ್ಲಿನ ಮೇಲೆ ಕುಳಿತಿರುವುದು ತಿಳಿದದ್ದು.

ತಿಪ್ಪಣ್ಣ ತನ್ನ ಕಾರಿನಲ್ಲಿ ಹೋದ. ನಾವಿಬ್ಬರೇ ಮನೆಗೆ ಹೊರಟೆವು. ಹೆದ್ದಾರಿಯಲ್ಲಿ ಆಕಾಶ, "ಹೌ ಈಸ್ ಅಜ್ಜಿ? ವಾಕಿಂಗ್ ಯೆಟ್?" ಎಂದ. ಪಡಸಾಲೆಯವರೆಗೆ ನಡೆದರಂತೆ ಎಂದೆ. ನಕ್ಕು, ತಾನು ಹಿಡಿದ ಚೆಂಡಿನ ವರ್ಣನೆಗೆ ತೊಡಗಿದ. ನಮ್ಮ ತಿರುವು ಬರುವಷ್ಟರಲ್ಲಿ, ಅದೇ ದನಿಯಲ್ಲಿ, ಅದೇ ಕುತೂಹಲದಿಂದ, "ಹೌ ಈಸ್ ಅಜ್ಜಿ? ವಾಕಿಂಗ್ ಯೆಟ್?"

ಆಗಲೇ ಕೇಳಿದೆಯಲ್ಲ ಎಂದೆ. ಅವನು ನನ್ನನ್ನು ನೋಡಿದ ರೀತಿಯಲ್ಲಿ ಉತ್ತರವಿತ್ತು. ಮೊದಲು ಕೇಳಿದ್ದು ಅವನಿಗೆ ನೆನಪೇ ಇರಲಿಲ್ಲ. "ಜಸ್ಟ್ ಟಯರ್ಡ್, ಅಪ್ಪಾ," ಎಂದ. ಕಾರು ನಿಂತ ಮೇಲೂ ಇಳಿಯಲಿಲ್ಲ. "ಟೀಮ್ ಥೆರಪಿಸ್ಟಿಗೆ ಹೇಳಬ್ಯಾಡ," ಎಂದ, ಅಂದರೆ ಆಟಗಾರರ ಪೆಟ್ಟು-ಗಾಯ ನೋಡುವವರಿಗೆ. "ಹೇಳಿದ್ರ ಐ ಆಮ್ ಡನ್. ಫಾರ್ ಗುಡ್." ಬೇಡಿಕೊಳ್ಳುವಾಗ ಮಾತ್ರ ಅವನ ಬಾಯಿಗೆ ಕನ್ನಡ ಬರುತ್ತದೆ.

ಇಂದು ತಂಡಕ್ಕೆ ಬರೀ ಮೀಟಿಂಗು, ನಾಳೆ ಮತ್ತೆ ಢಿಕ್ಕಿ. ತಲೆನೋವಿಲ್ಲ ಎಂದ, ಆದರೆ ಬೆಳಕು ಬೇಡವೆಂದು ಕಿಟಕಿಯ ಪರದೆ ಎಳೆದುಕೊಂಡು ತಿಂಡಿ ತಿಂದ. ಕಾರಿನ ಬಂಪರುಗಳನ್ನು ಒಡೆದು ಪರೀಕ್ಷಿಸುವುದು ನನ್ನ ವೃತ್ತಿ. ಬಿರುಕಿನ ಸಂಶಯವಿರುವ ಭಾಗವನ್ನು ನಾವು ಬದಿಗಿಡುತ್ತೇವೆ. ಸಂಶಯ ಸುಳ್ಳಾದರೆ ಆ ಭಾಗಕ್ಕೆ ದುಃಖವಾಗುವುದಿಲ್ಲ. ಇವನು ನಿಜಕ್ಕೂ ದಣಿದಿದ್ದನೆಂದೇ ಇಟ್ಟುಕೊಳ್ಳೋಣ: ನನ್ನ ಒಂದು ಮಾತಿನಿಂದ ಆ ಹಾಡು ನಿಂತುಹೋಗುತ್ತದೆ. ದಣಿದಿರಲಿಲ್ಲವಾದರೆ, ನಾಳಿನ ಒಂದು ಪೆಟ್ಟು ಸಾಕು. ಮುಂದಿನ ವಾಕ್ಯವನ್ನು ಬರೆಯಲಾರೆ.

ಅತ್ತೆಯವರಿಗೆ ನನ್ನ ಶರಣು ತಿಳಿಸು. ಅವರ ಆರೈಕೆಯಲ್ಲಿ ನಿನ್ನ ಊಟ ತಪ್ಪದಿರಲಿ.

ನಿನ್ನ,
ಚಂದ್ರಮೋಹನ

ತಾ.ಕ.: ಸಹಿ ಮಾಡಿ ಎದ್ದವನು ನೇರವಾಗಿ ಥೆರಪಿಸ್ಟಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿಬಿಟ್ಟೆ. ಅವನನ್ನು ಮೀಟಿಂಗಿನಿಂದ ಎಬ್ಬಿಸಿ ಈಗಲೇ ಪರೀಕ್ಷಿಸುತ್ತಾರಂತೆ. ನನ್ನ ಹೆಸರು ಮುಚ್ಚಿಡಿ ಎಂದು ಕೇಳಲಿಲ್ಲ. ಅವನು ನಿನಗೆ ಫೋನ್ ಮಾಡುತ್ತಾನೆ. ಅಲ್ಲಿ ಎಷ್ಟು ಹೊತ್ತಾಗಿದ್ದರೂ ಎತ್ತು. ನನ್ನನ್ನು ಬೈದರೆ ತಡೆಯಬೇಡ, ನನ್ನ ಪರ ಮಾತಾಡಬೇಡ. ಅವನ ಮಾತು ಎಲ್ಲಿಯಾದರೂ ತೊದಲುತ್ತದೆಯೇ, ಅದನ್ನಷ್ಟೇ ಕೇಳಿಸಿಕೊಂಡು ನನಗೆ ತಿಳಿಸು.